ಬೆನ್ನಿನ ಬಟ್ಟೆ ಎದೆಗೆ

ಆ ವಸಂತದಲ್ಲಿ ಕ್ಯೋಟೊ ನಗರವನ್ನು ಕಾಡಿದ ಸಂಗತಿಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು, ಒಂದು ಮೇಲಂಗಿಯ ಕೊರಳಪಟ್ಟಿ ಅರ್ಧ ಬೆರಳಿನಷ್ಟು ಬಿಗಿಯಾದದ್ದು.

ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್ನರ ಸರ್ಕಾರ ಅಲುಗಾಡುತ್ತಿತ್ತು, ನಿಜ. ಚಕ್ರವರ್ತಿಯ ಪಕ್ಷದವರು ಶೋಗನ್ನರ ಪಕ್ಷದವರನ್ನೂ, ಅವರು ಇವರನ್ನೂ ಹಾಡಹಗಲೇ ಕೊಚ್ಚಿಹಾಕುತ್ತಿದ್ದರು, ಅದೂ ನಿಜ. ಆದರೆ ಅವಕ್ಕೆಲ್ಲ ಊರು ಒಗ್ಗಿಕೊಂಡಿತ್ತು. ಕೊರಳಪಟ್ಟಿಗೆ ಒಗ್ಗಿಕೊಳ್ಳಲು ಶೋಗನ್ನರ ಪಹರೆ ದಳದ ಸುಗಾನೊ ಎಂಬವನು ಮಾತ್ರ ಸಿದ್ಧನಿರಲಿಲ್ಲ.

ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡು ಅವನು ಹೊರಿಕಾವಾ ಕಾಲುವೆಯ ಪಕ್ಕದ ಬಟ್ಟೆ ತೊಳೆಯುವ ಅಂಗಡಿಗೆ ನುಗ್ಗಿದ. ಒಳಗೆ ಮಿನೆ ಒಂದು ಹಳೆಯ ನಿಲುವಂಗಿಯ ಹೊಲಿಗೆ ಬಿಚ್ಚುತ್ತ ಕುಳಿತಿದ್ದಳು. ಅಲ್ಲಿ ತೊಳೆಯುವುದೆಂದರೆ ಹಾಗೇ. ಬಟ್ಟೆಯ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುತುಂಡಾಗಿ ತೊಳೆದು, ಗಂಜಿ ಹಾಕಿ ಹಲಗೆಗೆ ಅಂಟಿಸಿ ಒಣಗಿಸಿ, ಮತ್ತೆ ಮೊದಲಿನಂತೆ ಹೊಲಿಯಬೇಕು.

"ಇದನ್ನ ತೊಳೆದೋರು ಯಾರು?"

"ನಾನೇ."

"ಕತ್ತು ಹಿಡೀತಿದೆ."

ಮಿನೆ ತಲೆಯೆತ್ತಲಿಲ್ಲ. "ಬಿಚ್ಚಿದಾಗ ಎಷ್ಟಿತ್ತೋ ಹೊಲಿದಾಗ್ಲೂ ಅಷ್ಟೇ ಇತ್ತು. ಅಂಗಿ ನಮ್ಮ ಕೈಗೆ ಬಂದಿತ್ತು, ಕತ್ತು ಬಂದಿರ್ಲಿಲ್ಲ. ಅದರ ವಿಷಯ ನಮಗೆ ಗೊತ್ತಿಲ್ಲ."

"ಅಂದ್ರೆ... ನಾನು ದಪ್ಪ ಆಗಿದ್ದೀನಿ ಅಂತೀರಾ?"

"ಊರು ಕಾಯೋರಿಗೆ ಊಟ ಚೆನ್ನಾಗಿ ಸಿಗ್ತಿದೆ ಅಂತೀನಿ."

ಹಿಂದಿನ ಕೋಣೆಯಲ್ಲಿ ಗಂಜಿ ಕಲಸುತ್ತಿದ್ದ ಚಿಕ್ಕಮ್ಮ ತ್ಸುನೆಯ ಕೈ ನಿಂತುಹೋಯಿತು. ಪಹರೆ ದಳದವರನ್ನು ಊರಿನವರು ತೋಳಗಳು ಎನ್ನುತ್ತಿದ್ದರು, ಬಾಗಿಲು ಹಾಕಿಕೊಂಡು. ಇದಕ್ಕಿಂತ ಸಣ್ಣ ಮಾತಿಗೆ ಅವರು ಕತ್ತಿ ಎಳೆದದ್ದುಂಟು.

ತೋಳ ಸ್ವಲ್ಪ ಹೊತ್ತು ಯೋಚಿಸಿತು.

"ಇರಬಹುದು," ಅಂದ ಅವನು. "ನಮ್ಮೂರಲ್ಲಿ ನವಣೆ ಗಂಜಿ. ಇಲ್ಲಿ ಮೂರು ಹೊತ್ತೂ ಬಿಳೀ ಅನ್ನ. ನಾನು ಗಮನಿಸಿರ್ಲಿಲ್ಲ."

ಅವನ ಕಿವಿ ಕೆಂಪಾಗಿತ್ತು. ಮಿನೆ ಆಗ ತಲೆಯೆತ್ತಿ ನೋಡಿದಳು. ಪೂರ್ವದ ಕಡೆಯ ಒಕ್ಕಲು ಮನೆಯ ಹುಡುಗ, ಕತ್ತಿವರಸೆ ಬಂದದ್ದರಿಂದ ಸಮುರಾಯ್ ಆದವನು... ಹೊಟ್ಟೆತುಂಬ ಅನ್ನ ತಿಂದಿದ್ದಕ್ಕೆ ನಾಚಿಕೊಂಡು ನಿಂತಿದ್ದ. 'ಛೇ, ಎಂಥ ಮಾತಾಡಿಬಿಟ್ಟೆ' ಎಂದು ಅವಳಿಗೂ ಮುಖ ಬಿಸಿಯಾಯಿತು.

"ಕೊಡಿ ಇಲ್ಲಿ, ಸಡಿಲ ಮಾಡಿಕೊಡ್ತೀನಿ," ಎಂದಳು.

ಮುಂದಿನ ಎರಡು ತಿಂಗಳಲ್ಲಿ ಸುಗಾನೊನಷ್ಟು ಶುಭ್ರವಾದ ಗಂಡಸು ನಗರದಲ್ಲಿ ಇನ್ನೊಬ್ಬನಿರಲಿಲ್ಲ.

"ಈ ತೋಳಕ್ಕೆ ಎಷ್ಟು ಚರ್ಮ ಇದೆಯೇ?" ಎಂದಳು ತ್ಸುನೆ. "ವಾರಕ್ಕೊಂದು ಸುಲಿದು ತಂದುಕೊಡತ್ತೆ."

ಕೆಲವು ಸಲ ಅವನ ಗೆಳೆಯ ಇಗುಚಿಯೂ ಜೊತೆಗೆ ಬರುತ್ತಿದ್ದ. ಇಬ್ಬರೂ ಒಂದೇ ಊರಿನವರು, ಒಂದೇ ದಿನ ದಳ ಸೇರಿದವರು. ಇಗುಚಿ ಹೊಸ್ತಿಲಲ್ಲೇ ಕುಳಿತು ಚಹಾ ಕೇಳುವ ಜಾತಿ.

"ಅಮ್ಮಾ, ನಿಜ ಹೇಳ್ಬಿಡ್ತೀನಿ. ಇವನ ಬಟ್ಟೆ ಎಲ್ಲಾ ಮುಗೀತು. ಇವತ್ತು ತಂದಿರೋದು ನನ್ನದು. ನಾನು ನಾಳೆ ಏನು ಹಾಕ್ಕೊಳ್ಳೋದು ಅಂತ ಇವನು ಯೋಚನೆ ಮಾಡಿಲ್ಲ."

"ಸುಮ್ನಿರೋ," ಎಂದ ಸುಗಾನೊ.

"ನಾನು ಸುಮ್ನಿದ್ರೆ ನೀನು ಮಾತಾಡ್ತೀಯಾ? ಮಾತಾಡು ನೋಡೋಣ."

ಸುಗಾನೊ ಬಟ್ಟೆಯ ಗಂಟನ್ನು ಮಿನೆಯ ಕಡೆ ಸರಿಸಿದ. ಮಿನೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಕ್ಕಳು.

ಐದನೆಯ ತಿಂಗಳ ಒಂದು ಮಧ್ಯಾಹ್ನ ಸುಗಾನೊ ಹಿತ್ತಿಲ ಬಾಗಿಲಿನಿಂದ ಬಂದ. ಜೊತೆಗೆ ಯಾರೂ ಇರಲಿಲ್ಲ. ಕಂಕುಳಲ್ಲಿ ಸುತ್ತಿದ ಮೇಲಂಗಿ.

"ಸ್ವಲ್ಪ ಹರಿದಿದೆ," ಎಂದ.

ಮಿನೆ ಅದನ್ನು ಚಾಪೆಯ ಮೇಲೆ ಬಿಡಿಸಿದಳು. ಎಡ ಬೆನ್ನಿನ ಮೇಲೆ, ಭುಜದಿಂದ ಸೊಂಟದವರೆಗೆ ಒಂದೇ ಗೆರೆ. ಒಳಗೆ ತೊಟ್ಟಿದ್ದ, ಉಕ್ಕಿನ ಸಣ್ಣ ಉಂಗುರಗಳನ್ನು ಹೆಣೆದ ಅಂಗಿ ಮೈಯನ್ನು ಉಳಿಸಿತ್ತು, ಬಟ್ಟೆಯನ್ನು ಉಳಿಸಿರಲಿಲ್ಲ.

ದಳದ ಕಾನೂನು ಊರಿಗೆಲ್ಲ ಗೊತ್ತಿತ್ತು. ಕಾಳಗದಿಂದ ಬಂದವನ ಮೇಲಂಗಿಯನ್ನು ಉಪನಾಯಕರು ಬೆಳಕಿಗೆ ಹಿಡಿದು ನೋಡುತ್ತಾರೆ. ಶತ್ರು ಬದುಕಿದ್ದು, ಏಟು ಬೆನ್ನಿಗೆ ಬಿದ್ದಿದ್ದರೆ, ಓಡಿದವನೆಂದು ಅರ್ಥ. ಓಡಿದವನು ಅದೇ ಅಂಗಳದಲ್ಲಿ ತನ್ನ ಹೊಟ್ಟೆ ತಾನೇ ಕೊಯ್ದುಕೊಳ್ಳಬೇಕು.

"ಇಗುಚಿ ಎಲ್ಲಿ?" ಕೇಳಿದಳು ಮಿನೆ.

"ಸೇತುವೆ ಮೇಲೆ. ಐದು ಜನ ಅಡ್ಡ ಬಂದ್ರು. ಅವನು ಸತ್ತ."

"ನೀವು?"

"ಓಡಿದೆ." ಅವನು ಕಾರಣ ಹುಡುಕಲಿಲ್ಲ. "ಅವನು ಹೆಸರು ಹಿಡಿದು ಕರೆದ. ಕೇಳಿಸ್ತು. ಆದ್ರೂ ನಲವತ್ತು ಹೆಜ್ಜೆ ಓಡಿದೆ. ಆಮೇಲೆ ತಿರುಗಿ ಬಂದೆ... ಅಷ್ಟರಲ್ಲಿ ಮುಗಿದಿತ್ತು. ನಾನು ಆ ಐದು ಜನರನ್ನ ಬೆನ್ನಟ್ಟಿದ್ದೀನಿ ಅಂತ ದಳದವರು ತಿಳ್ಕೊಂಡಿದ್ದಾರೆ. ಸಂಜೆ ಗಂಟೆ ಹೊಡೆದಾಗ ಹಾಜರಾಗ್ಬೇಕು."

ಮಿನೆಯ ಎದೆಯೊಳಗೆ ಆಗ ಏನೋ ಹಾರಿತು. ಅದು ದುಃಖವೆಂದು ಅವಳು ಮೊದಲು ಭಾವಿಸಿದಳು. ಅಲ್ಲ. ಅದು ಸಂತೋಷ... ಸತ್ತವನು ಇವನಲ್ಲ ಎಂಬ ಸಂತೋಷ! ಹೋದ ವಾರ ಇದೇ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿದವನು ಸೇತುವೆಯ ಮೇಲೆ ಬಿದ್ದಿದ್ದಾನೆ, ತನಗೆ ಸಂತೋಷವಾಗಿದೆ.

ಅವಳಿಗೆ ತಲೆಯೆತ್ತಲಾಗಲಿಲ್ಲ.

ಬೆನ್ನು ತಿರುಗಿಸಿ ಕುಳಿತು ಹೊಲಿಗೆ ಬಿಚ್ಚತೊಡಗಿದಳು. ಮೇಲಂಗಿಯ ಎದೆಯೂ ಬೆನ್ನೂ ಬೇರೆಬೇರೆ ತುಂಡುಗಳಲ್ಲ. ಭುಜದ ಮೇಲೆ ಹಾದು ಹಿಂದಿನಿಂದ ಮುಂದಕ್ಕೆ ಇಳಿಯುವ ಒಂದೇ ಪಟ್ಟಿ. ಬಣ್ಣ ಮಾಸಿದ ಕಡೆಯನ್ನು ಮರೆಸಲು ಅವಳು ಆ ಪಟ್ಟಿಯನ್ನು ಎಷ್ಟೋ ಸಲ ಹಿಂದುಮುಂದಾಗಿಸಿ ಹೊಲಿದಿದ್ದಳು. ಈಗಲೂ ಹಾಗೇ ಮಾಡಿದಳು. ಬೆನ್ನಿನ ಬಟ್ಟೆ ಎದೆಗೆ ಬಂತು, ಸೀಳು ಎದೆಯ ಮೇಲೆ ಬಾಯಿ ತೆರೆದು ನಿಂತಿತು. ಹೊಸ ದಾರ ಕಣ್ಣಿಗೆ ಬೀಳಬಾರದೆಂದು ಬಿಚ್ಚಿದ ಹಳೆಯ ದಾರದಲ್ಲೇ, ಹಳೆಯ ತೂತುಗಳಲ್ಲೇ ಹೊಲಿದಳು.

ಹಿಂದೆ ಸುಗಾನೊ ಉಸಿರಾಡುವುದು ಕೇಳಿಸುತ್ತಿತ್ತು. ಒಂದು ಸಲವೂ ಅವಳು ತಿರುಗಲಿಲ್ಲ. ಹೊಲಿದು ಮುಗಿಸಿ ಒಳಗೆ ಹೋದವಳು ಅಂಗಿಯನ್ನು ಚಿಕ್ಕಮ್ಮನ ಕೈಲಿ ಕಳಿಸಿದಳು.

"ಒಳಗಿನ ಉಕ್ಕಿನ ಅಂಗೀನೂ ತಿರುಗಿಸಿ ಹಾಕ್ಕೋಬೇಕಂತೆ," ಎಂದಳು ತ್ಸುನೆ.

"ಅವರು ಹೊರಗೆ ಬರಲ್ವಾ?"

"ಬರಲ್ಲವಂತೆ."

ಅವನು ಮುಚ್ಚಿದ ಪರದೆಯನ್ನು ನೋಡಿದ. 'ಹೇಡಿಯ ಮುಖ ನೋಡೋದೂ ಬೇಡವಾಯ್ತು ಇವಳಿಗೆ' ಅಂದುಕೊಂಡ. ತಲೆ ತಗ್ಗಿಸಿ ನಮಸ್ಕರಿಸಿ ಹೊರಟುಹೋದ.

ಉಪನಾಯಕರು ಮೇಲಂಗಿಯನ್ನು ಬೆಳಕಿಗೆ ಹಿಡಿದರು. ಐವರ ಎದುರು ಎದೆಯೊಡ್ಡಿ ನಿಂತವನೆಂದು ಇಡೀ ದಳದ ಮುಂದೆ ಹೊಗಳಿದರು. ಸುಗಾನೊ ಹತ್ತು ಜನರ ತಂಡಕ್ಕೆ ಮುಖ್ಯಸ್ಥನಾದ.

ಆಮೇಲೆ ಅವನು ಅಂಗಡಿಗೆ ಬರಲಿಲ್ಲ. ಒಂದು ದಿನ ಬೀದಿಯಲ್ಲಿ ಮಿನೆ ಎದುರಾದಾಗ, ತನ್ನ ಹತ್ತು ಜನರನ್ನೂ ಕರೆದುಕೊಂಡು ಕಾಲುವೆಯ ಆಚೆ ದಡಕ್ಕೆ ದಾಟಿಬಿಟ್ಟ.

"ದೊಡ್ಡ ಮನುಷ್ಯ ಆಗ್ಬಿಟ್ಟ," ಎಂದಳು ತ್ಸುನೆ. "ಗುಟ್ಟು ಗೊತ್ತಿರೋರ ಮುಖ ಯಾರಿಗೆ ಬೇಕು ಹೇಳು."

ಮಿನೆಗೂ ಹಾಗೇ ಅನ್ನಿಸಿತ್ತು. ಸಿಟ್ಟು ಬಂದಿದ್ದರೆ ಸುಲಭವಿತ್ತು. ಬಂದದ್ದು ನಾಚಿಕೆ. ತಾನು ಹೊಲಿದದ್ದು ಅಂಗಿಯನ್ನಲ್ಲ, ಒಂದು ಸುಳ್ಳನ್ನು. ಆ ಸುಳ್ಳು ಈಗ ಕಾಲುವೆಯ ಆಚೆ ದಡದಲ್ಲಿ ಹತ್ತು ಜನರ ಮುಂದೆ ನಡೆಯುತ್ತಿದೆ.

ಏಳನೆಯ ತಿಂಗಳಲ್ಲಿ ಒಬ್ಬ ಮುದುಕ ಅಂಗಡಿಗೆ ಬಂದ. ಹುಲ್ಲಿನ ಚಪ್ಪಲಿ ಸವೆದು ಹಿಮ್ಮಡಿ ನೆಲ ಮುಟ್ಟುತ್ತಿತ್ತು. ಗಂಟು ಬಿಚ್ಚಿ, ರಕ್ತದ ಕಲೆ ಕಪ್ಪಾದ ಒಂದು ನಿಲುವಂಗಿ ತೆಗೆದ.

"ತೊಳೆದು ಕೊಡ್ತೀಯಾ ತಾಯಿ? ಮಗನದು. ಇಗುಚಿ ಅಂತ. ಊರಿಗೆ ತಗೊಂಡು ಹೋಗ್ಬೇಕು. ಒಬ್ಬನೇ ಮಗ."

ಮಿನೆ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಕೊಯ್ತಗಳೆಲ್ಲ ಮುಂದಿನ ಕಡೆಗೇ ಇದ್ದವು. ಅವಳು ಬಟ್ಟೆ ಕೆಳಗಿಟ್ಟು, ನೆಲಕ್ಕೆ ಹಣೆ ಹಚ್ಚಿದಳು.

"ಅಯ್ಯಾ, ನಾನೊಂದು ಮಾತು ಹೇಳ್ಬೇಕು. ಕೇಳಿದ ಮೇಲೆ ಒಬ್ಬರ ಪ್ರಾಣ ನಿಮ್ಮ ಕೈಲಿರತ್ತೆ. ತಪ್ಪು ಅವರದಲ್ಲ, ನನ್ನದು..."

"ಅಂಗಿ ತಿರುಗಿಸಿ ಹೊಲಿದದ್ದಾ?"

ಮುದುಕ ಮಗನ ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ನಿನ್ನೆ ಆ ಹುಡುಗ ನಾನು ಇಳ್ಕೊಂಡಿರೋ ಛತ್ರಕ್ಕೆ ಬಂದು ಎಲ್ಲಾ ಹೇಳ್ದ. ಅಂಗೀನ ತಾನೇ ಹೊಲಿದೆ ಅಂದ. ಹೊಲಿಗೆ ನೋಡ್ದೆ. ಕತ್ತಿ ಹಿಡಿಯೋ ಕೈ ಅಷ್ಟು ಸಣ್ಣಗೆ ಹೊಲಿಯತ್ತಾ? ದಳದ ಬಟ್ಟೆ ಎಲ್ಲಿ ತೊಳೀತಾರೆ ಅಂತ ವಿಚಾರಿಸಿಕೊಂಡು ಬಂದೆ. ಈಗ ನೀನು ತಪ್ಪು ನಿನ್ನದು ಅಂತೀಯ. ಇಬ್ಬರೂ ಮೊದಲೇ ಮಾತಾಡಿಕೊಂಡು ಒಂದು ಸುಳ್ಳು ಹೇಳ್ಬಾರದಾ?"

"ನಾವು ಮಾತಾಡಿ ಎರಡು ತಿಂಗಳಾಯ್ತು." ಅವಳ ಹಣೆ ಇನ್ನೂ ನೆಲದ ಮೇಲೇ ಇತ್ತು. "ಇನ್ನೊಂದಿದೆ. ನಿಮ್ಮ ಮಗ ಹೋದ್ರು ಅಂತ ಕೇಳಿದಾಗ ನನಗೆ... ಸದ್ಯ, ಇವರಲ್ಲವಲ್ಲ ಅನ್ನಿಸ್ತು. ಖುಷಿ ಆಯ್ತು ಅಯ್ಯಾ. ಅವರು ಇಲ್ಲೇ ಕೂತು ಚಹಾ ಕುಡೀತಿದ್ರು."

ಮುದುಕ ಹೊಸ್ತಿಲ ಕಡೆ ತಿರುಗಿ ನೋಡಿದ.

"ನನಗೆ ಕೋಪ ಇಲ್ಲ ಅನ್ಕೋಬೇಡ," ಎಂದ ಮುದುಕ. "ಆ ಹುಡುಗನ ಮುಖ ನೋಡಿದಾಗ ಹೊಟ್ಟೆ ಉರೀತು. ಆದ್ರೆ ರಾತ್ರಿಯೆಲ್ಲ ಯೋಚನೆ ಮಾಡ್ದೆ. ಏಳು ವರ್ಷದವನಿದ್ದಾಗಿಂದ ಮಗನಿಗೆ ಹೇಳ್ಕೊಟ್ಟೆ, ಬೆನ್ನು ತೋರಿಸ್ಬೇಡ, ಬೆನ್ನು ತೋರಿಸ್ಬೇಡ ಅಂತ. ಓಡೋದು ಹೇಗೆ ಅಂತ ಒಂದು ದಿನಾನೂ ಹೇಳ್ಕೊಡಲಿಲ್ಲ. ಜನ ಬಂದು ನನಗೆ ನಮಸ್ಕಾರ ಮಾಡ್ತಾರೆ, ಎಂಥಾ ಮಗನ್ನ ಬೆಳೆಸಿದ್ರಿ ಅಂತ. ನಾಚಿಕೆ ಆಗತ್ತೆ ತಾಯಿ. ನಿಮ್ಮಿಬ್ಬರಿಗಿಂತ ಹೆಚ್ಚು."

ಅವನು ಚಹಾ ಕೇಳಿದ. ಮಿನೆ ತಂದುಕೊಟ್ಟಳು.

"ನನ್ನ ಮನೆಗೆ ಗಂಡು ದಿಕ್ಕಿಲ್ಲ," ಎಂದ. "ಅವನನ್ನ ದತ್ತು ಕೊಡಿ ಅಂತ ದಳದ ನಾಯಕರಿಗೆ ಅರ್ಜಿ ಹಾಕ್ತೀನಿ. ದಳಾನ ತಾನಾಗಿ ಬಿಟ್ಟು ಹೋದ್ರೆ ಅದಕ್ಕೂ ಹೊಟ್ಟೆ ಕೊಯ್ಕೋಬೇಕು. ಸತ್ತವನ ಮನೆ ದೀಪ ಆರದ ಹಾಗೆ ಕಳಿಸಿಕೊಡಿ ಅಂದ್ರೆ ಬೇಡ ಅನ್ನೋದು ಕಷ್ಟ. ಅದರಲ್ಲೂ ಎದೆಗೆ ಏಟು ತಿಂದ ವೀರ ನೋಡು."

ಆ ಕೊನೆಯ ಮಾತಿನಲ್ಲಿ ನಗು ಇತ್ತೋ ಇಲ್ಲವೋ, ಮಿನೆಗೆ ತಿಳಿಯಲಿಲ್ಲ.

ಅರ್ಜಿ ಹಾಕಿದ ಮರುದಿನ ಬೆಳಿಗ್ಗೆ ಸುಗಾನೊ ಬಂದ. ಮಿನೆ ಹಿತ್ತಿಲಲ್ಲಿ ಇಗುಚಿಯ ಬಟ್ಟೆಯ ತುಂಡುಗಳನ್ನು ಹಲಗೆಗೆ ಅಂಟಿಸುತ್ತಿದ್ದಳು. ಅವನು ಸ್ವಲ್ಪ ದೂರದಲ್ಲೇ ನಿಂತ.

"ನನ್ನ ಮುಖ ನೋಡೋಕಾಗಲ್ಲ ಅಂತ ಗೊತ್ತು. ಬೇಗ ಹೋಗ್ತೀನಿ."

"ಯಾರು ಹೇಳಿದ್ದು?"

"ಅವತ್ತು ನೀವು ತಿರುಗಲೇ ಇಲ್ಲ."

"ನಿಮ್ಮನ್ನ ನೋಡೋಕಲ್ಲ ಆಗದೇ ಇದ್ದದ್ದು. ನೀವು ನನ್ನನ್ನ ನೋಡೋದು ಬೇಡವಾಗಿತ್ತು." ಅವಳು ಒದ್ದೆ ಬಟ್ಟೆಯ ಸುಕ್ಕು ತೀಡುತ್ತಲೇ ಇದ್ದಳು. "ಇಗುಚಿ ಸತ್ತ ಸುದ್ದಿ ಕೇಳಿ ನನಗೆ ಸಮಾಧಾನ ಆಗಿತ್ತು. ನೀವು ಉಳಿದ್ರಲ್ಲ ಅಂತ. ಈಗ ನೋಡಿ ಬೇಕಾದ್ರೆ."

ಅವನು ನೋಡಿದ. ಬಹಳ ಹೊತ್ತು.

"ಮತ್ತೆ ನೀವು ಯಾಕೆ ಕಾಲುವೆ ದಾಟಿ ಹೋದ್ರಿ?" ಕೇಳಿದಳು ಅವಳು.

"ನನ್ನ ಹಿಂದೆ ಹತ್ತು ಜನ ಇದ್ರು. ನನ್ನನ್ನ ವೀರ ಅನ್ಕೊಂಡವರು. ಅವರ ಮುಂದೆ ನಿಮ್ಮ ಕಣ್ಣಿಗೆ ಬೀಳೋಕೆ ನಾಚಿಕೆ ಆಯ್ತು." ಅವನು ಹಲಗೆಯ ಮೇಲಿನ ಇಗುಚಿಯ ಬಟ್ಟೆಯ ಕಡೆ ನೋಡಿದ. "ಇನ್ಮೇಲೆ ದಿನಾ ಆ ಮುದುಕರ ಎದುರು ಊಟಕ್ಕೆ ಕೂರಬೇಕು, ಅವರ ಮಗನ ಜಾಗದಲ್ಲಿ. ಹೊಟ್ಟೆ ಕೊಯ್ಕೊಳ್ಳೋದು ಇದಕ್ಕಿಂತ ಸುಲಭ."

"ಸುಲಭದ್ದೇ ಬೇಕಿದ್ರೆ ಅವತ್ತು ನನ್ನ ಹತ್ರ ಯಾಕೆ ಬಂದ್ರಿ?"

"ಇನ್ನೊಂದು ಸಲ ನಿಮ್ಮನ್ನ ನೋಡ್ಬೇಕು ಅನ್ನಿಸ್ತು."

"ಸಾಯೋ ಮುಂಚೆ?"

"ಅಲ್ಲ... ಸೇತುವೆ ಮೇಲೆ. ಕತ್ತಿಗಳು ಹೊರಗೆ ಬಂದಾಗ ಅದೊಂದೇ ಅನ್ನಿಸಿದ್ದು. ಆಮೇಲೆ ನೋಡಿದ್ರೆ ನನ್ನ ಕಾಲು ಓಡ್ತಿತ್ತು."

ಮಿನೆಯ ಕೈ ಹಲಗೆಯ ಮೇಲೆ ನಿಂತಿತು. ಅವಳಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಇಂಥ ಮಾತನ್ನು ಇಷ್ಟು ತಲೆತಗ್ಗಿಸಿ ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ.

"ಹೇಳೋಕೆ ಅಸಹ್ಯ ಆಗತ್ತೆ," ಎಂದ ಅವನು.

"ಕೇಳೋಕೂ," ಎಂದಳು ಅವಳು. ಅವಳ ಕಣ್ಣು ತುಂಬಿತ್ತು. "ಆದ್ರೂ ಇನ್ನೊಂದು ಸಲ ಹೇಳಿ."

ಅವನು ಹೇಳಿದ.

"ನಾನೂ ಬರ್ತೀನಿ," ಎಂದಳು ಮಿನೆ. "ಆ ಊಟಕ್ಕೆ ನೀವೊಬ್ಬರೇ ಕೂರೋದು ಬೇಡ. ನಿಮ್ಮ ಪಕ್ಕ ನಾನೂ ತಲೆ ತಗ್ಗಿಸಿ ಕೂರ್ತೀನಿ. ಎಂದಾದ್ರೂ ಒಂದು ದಿನ ಅವರೇ 'ತಲೆ ಎತ್ತಿ' ಅನ್ನಬಹುದು."

"ಅನ್ನದೇ ಇದ್ರೆ?"

"ಹಾಗೇ ಉಣ್ಣೋಣ."

ಅವನು ಹತ್ತಿರ ಬಂದು ಹಲಗೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ಬಿಸಿಲಿಗೆ ಒರಗಿಸಿದರು.

ಹದಿನೈದು ದಿನಕ್ಕೆ ದಳದ ಅನುಮತಿ ಬಂತು. ಮೂವರೂ ಪೂರ್ವದ ಹೆದ್ದಾರಿ ಹಿಡಿದು ಹದಿನಾರು ದಿನ ನಡೆದರು. ಮದುವೆ ಇಗುಚಿಯ ಮನೆಯಲ್ಲೇ ಆಯಿತು.