ಮಣ್ಣು ಮುಟ್ಟದ ಬಟ್ಟೆ

ಮೂರನೇ ಕ್ಲಾಸಿನ ಟೀಚರಿಗೆ ಅವನ ಮೇಲೆ ಸಿಟ್ಟು ಹುಟ್ಟಿದ್ದು ಅವನ ಬೂಟಿನಿಂದ. ಆಗಷ್ಟೇ ಒರೆಸಿದ ನೆಲದ ಮೇಲೆ, ಬಾಗಿಲಿನಿಂದ ಬೋರ್ಡಿನವರೆಗೆ ಕೆಸರಿನ ಹೆಜ್ಜೆ ಮೂಡಿಸಿಕೊಂಡು ಬಂದು, ತಾನು ಮಣ್ಣು ಪರೀಕ್ಷೆ ಮಾಡುವವನು ಎಂದು ಮಕ್ಕಳಿಗೆ ಪರಿಚಯ ಹೇಳಿಕೊಂಡ. ಕೈಯೆಲ್ಲ ಮಣ್ಣು. ಅವಳು ತನ್ನ ಕರವಸ್ತ್ರವನ್ನು ಅವನತ್ತ ಎಸೆದೇಬಿಟ್ಟಳು.

"ಮೊದಲು ಕೈ ಒರೆಸ್ಕೊಳ್ಳಿ. ಆಮೇಲೆ ಪಾಠ."

ಅವನು ಒಂದೊಂದೇ ಬೆರಳನ್ನು ನಿಧಾನವಾಗಿ ಒರೆಸಿಕೊಂಡ. ಕಣ್ಣು ಮಾತ್ರ ಅವಳ ಮೇಲೆಯೇ. ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟು, ಒಗೆದು ಕೊಡುತ್ತೇನೆ ಎಂದ. ಕೊಡಲೇ ಇಲ್ಲ.

ಅಲ್ಲಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಹೆಡ್‌ಮೇಡಂ ಒತ್ತಾಯಕ್ಕೆ ಅವನು ವಾರಕ್ಕೊಂದು ಸಲ ಬರುತ್ತಿದ್ದ. ಮಕ್ಕಳಿಗೆ ಮಣ್ಣು ಮೂಸಿಸುತ್ತಿದ್ದ, ಎರೆಹುಳವನ್ನು ಅಂಗೈ ಮೇಲೆ ಬಿಡುತ್ತಿದ್ದ. ಅವಳು ಬೆನ್ನಿಗೇ ಸೋಪು ಹಿಡಿದು ನಿಲ್ಲುತ್ತಿದ್ದಳು. ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಜೀವಗಳಿವೆ, ಬಿದ್ದ ಎಲೆಯನ್ನೆಲ್ಲ ತಿಂದು ಗಿಡಕ್ಕೆ ಊಟ ಮಾಡಿಕೊಡುವುದು ಅವೇ ಎಂದು ಅವನು ಹೇಳಿದರೆ, ಅದಕ್ಕೇ ಕೈ ತೊಳೆಯಬೇಕು ಎಂದು ಅವಳು ಮುಗಿಸುತ್ತಿದ್ದಳು.

"ನಿಮ್ಮ ಟೀಚರ್‌ಗೆ ಮಣ್ಣು ಅಂದ್ರೆ ಕೊಳೆ ಕಣ್ರೋ," ಎಂದ ಒಂದು ದಿನ, ಅವಳಿಗೆ ಕೇಳಲೆಂದೇ.

ಅವಳು ಹಲ್ಲು ಕಚ್ಚಿಕೊಂಡಳು. ಕ್ಲಾಸಿನ ಹಿಂದಿನ ಒಂದು ಪುಟ್ಟ ಪಾತಿಯನ್ನು ಹೆಡ್‌ಮೇಡಂ ಹತ್ತಿರ ಕಾಡಿ ಬೇಡಿ ಪಡೆದವಳೇ ಅವಳು. ಸಿಮೆಂಟ್ ಬಿಟ್ಟು ಬೇರೇನನ್ನೂ ತುಳಿಯದ ಈ ಮಕ್ಕಳು ಒಂದು ಮೊಳಕೆಯನ್ನಾದರೂ ನೋಡಲಿ ಎಂಬ ಆಸೆ ಅವಳಿಗೆ. ಅಲ್ಲಿ ಏನೂ ಚಿಗುರದಿದ್ದರೆ ಜಾಗ ಸೈಕಲ್ ಸ್ಟ್ಯಾಂಡಿಗೆ ಎಂದು ಹೆಡ್‌ಮೇಡಂ ಮೊದಲೇ ಖಡಾಖಂಡಿತ ಹೇಳಿದ್ದರು. ಅವನಿಗೆ ಇದೆಲ್ಲ ಏನು ಗೊತ್ತು?

ಅವನೇ ಒಂದು ಪರೀಕ್ಷೆ ಹೂಡಿದ. ಬಿಳಿ ಹತ್ತಿ ಬಟ್ಟೆಯ ಎರಡು ತುಂಡು. ಒಂದನ್ನು ಪಾತಿಯಲ್ಲಿ, ಇನ್ನೊಂದನ್ನು ಕಾಂಪೌಂಡಿನ ಮರದ ಬುಡದಲ್ಲಿ ಮಕ್ಕಳ ಕೈಯಿಂದಲೇ ಹೂಳಿಸಿದ. ಮಣ್ಣು ಆರೋಗ್ಯವಾಗಿದ್ದರೆ ಎರಡು ತಿಂಗಳಲ್ಲಿ ಬಟ್ಟೆಯನ್ನು ತಿಂದು ಹಾಕುತ್ತದೆ ಎಂದ.

ಅಗೆಯುವ ದಿನ ಹೆಡ್‌ಮೇಡಂ ಕೂಡ ಬಂದು ನಿಂತರು. ಮರದ ಬುಡದ ಬಟ್ಟೆ ಬರೀ ದಾರವಾಗಿ ಎದ್ದು ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು. ಪಾತಿಯ ಬಟ್ಟೆ ಮಾತ್ರ ಹೂಳಿದ ಹಾಗೆಯೇ ಇತ್ತು. ಒಗೆದು ಇಸ್ತ್ರಿ ಮಾಡಿದರೆ ಯಾರಾದರೂ ಕರವಸ್ತ್ರ ಮಾಡಿಕೊಳ್ಳಬಹುದಿತ್ತು. ಅವನು ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡಿದ.

"ಫಿನೈಲು. ಯಾರೋ ದಿನಾ ಸುರಿದಿದ್ದಾರೆ."

ಸುರಿದವಳು ಅವಳೇ. ಹೋದ ವರ್ಷ ಮಣ್ಣಲ್ಲಿ ಆಡಿದ ಹುಡುಗಿಯೊಬ್ಬಳು ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದ್ದಳು. ಅವಳ ಅಮ್ಮ ಎಲ್ಲರೆದುರು ಟೀಚರನ್ನು ತರಾಟೆಗೆ ತೆಗೆದುಕೊಂಡಿದ್ದಳು. ಆ ಹೆದರಿಕೆಗೆ, ಮಕ್ಕಳು ಮನೆಗೆ ಹೋದ ಮೇಲೆ ಪಾತಿಗೂ ಒಂದಿಷ್ಟು ಫಿನೈಲು ಚಿಮುಕಿಸುವುದು ರೂಢಿಯಾಗಿಬಿಟ್ಟಿತ್ತು. ಬೇಡಿ ಪಡೆದ ಮಣ್ಣನ್ನು ಕೈಯಾರೆ ಕೊಂದಿದ್ದಳು.

ಹೆಡ್‌ಮೇಡಂ ಸೈಕಲ್ ಸ್ಟ್ಯಾಂಡಿನ ಮಾತೆತ್ತಿದರು. ಅವಳು ಮಕ್ಕಳ ಕಡೆ ತಿರುಗಿದಳು.

"ಹಾಕಿದ್ದು ನಾನೇ. ನಿಮಗೆ ಏನೂ ಆಗದೇ ಇರಲಿ ಅಂತ. ಪಾಪ, ಮಣ್ಣಿಗೆ ಏನಾಗುತ್ತೆ ಅಂತ ಯೋಚಿಸಲಿಲ್ಲ."

ಅವನು ಚುಚ್ಚಿ ಮಾತಾಡುವುದನ್ನೇ ಕಾದು ನಿಂತಳು. ಅವನು ಹಿಡಿಯಲ್ಲಿದ್ದ ಮಣ್ಣನ್ನು ಮೆಲ್ಲಗೆ ಪಾತಿಗೆ ಹಾಕಿದ. ಮುಂದೆ ನಿಂತ ಪುಟ್ಟಿಯೊಬ್ಬಳು, ಮಣ್ಣು ಸತ್ತುಹೋಯಿತಾ ಎಂದು ಅಳುಮುಖದಲ್ಲಿ ಕೇಳಿದಳು.

"ಸತ್ತಿಲ್ಲ ಪುಟ್ಟಿ, ಮುನಿಸ್ಕೊಂಡಿದೆ," ಎಂದ ಅವನು. "ದಿನಾ ಬಂದು ವಿಚಾರಿಸ್ಕೊಂಡ್ರೆ ಸರಿ ಹೋಗುತ್ತೆ."

ಹೆಡ್‌ಮೇಡಂ ಒಲ್ಲದ ಮನಸ್ಸಿನಿಂದ ವರ್ಷದ ಕೊನೆಯವರೆಗೆ ಗಡುವು ಕೊಟ್ಟರು.

ಅವನು ದಿನಾ ಬಂದ. ಮೇಲಿನ ಮಣ್ಣು ತೆಗೆದು, ಗೊಬ್ಬರ ಬೆರೆಸಿ, ಒಣಗಿದ ಎಲೆ ಹೊದಿಸಿದ. ಜಗಳವೇನೂ ನಿಲ್ಲಲಿಲ್ಲ. ನೀರು ಜಾಸ್ತಿಯಾಯಿತು ಎಂದು ಅವನು, ಬುಟ್ಟಿ ಇಡುವ ಜಾಗ ಇದಲ್ಲ ಎಂದು ಅವಳು. ಆದರೆ ಅವನು ಬರುವುದು ತಡವಾದರೆ ಅವಳ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು. ಅದಕ್ಕೂ ಅವಳಿಗೆ ಅವನ ಮೇಲೆಯೇ ಸಿಟ್ಟು. ಒಂದು ಬೆಳಿಗ್ಗೆ ಮಣ್ಣು ಕೆದಕಿದಾಗ ಎರೆಹುಳ ಕಂಡಿತು. ಅವಳು ಯೋಚಿಸದೆ ಅದನ್ನು ಅಂಗೈ ಮೇಲೆ ಎತ್ತಿಕೊಂಡಳು.

ಅವತ್ತೇ ಮತ್ತೊಮ್ಮೆ ಬಟ್ಟೆ ಹೂಳಬೇಕಿತ್ತು. ಅವನು ತುಂಡು ತರಲು ಮರೆತಿದ್ದ.

"ನನ್ನ ಕರವಸ್ತ್ರ ಇದೆಯಲ್ಲ ನಿಮ್ಮ ಹತ್ರ, ಅದೂ ಹತ್ತಿದೇ. ಕೊಡಿ."

ಅವನ ಕೈ ತಾನಾಗಿ ಜೇಬನ್ನು ಮುಚ್ಚಿಕೊಂಡಿತು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ, ಮೇಡಂ. ಅದನ್ನ ಮಣ್ಣಿಗೂ ಕೊಡಲ್ಲ."

ಮಣ್ಣಿಗಾಗಿ ಜೀವ ಬಿಡುವವನ ಬಾಯಲ್ಲಿ ಈ ಮಾತು! ಇಷ್ಟು ದಿನ ಸಿಟ್ಟು ಎಂದುಕೊಂಡಿದ್ದು ಏನೆಂದು ಅವಳಿಗೆ ತಿಳಿದುಹೋಯಿತು.

"ದಿನಾ ಬಂದು ವಿಚಾರಿಸ್ಕೋಬೇಕು ಅಂದ್ರಲ್ಲ," ಎಂದಳು, ತಲೆ ಎತ್ತದೆ. "ಅದು ಮಣ್ಣಿಗೆ ಮಾತ್ರಾನಾ?"

"ಮುನಿಸ್ಕೊಂಡವರಿಗೆಲ್ಲ. ಮಣ್ಣು ಸರಿ ಹೋದ್ಮೇಲೂ ಬರ್ತೀನಿ, ನೀವು ಬೇಡ ಅನ್ನದೇ ಇದ್ರೆ."

ಬೇಡ ಎನ್ನಲಿಲ್ಲ ಅವಳು. ಹತ್ತಿ ಸೀರೆಯ ಸೆರಗಿನ ತುದಿಯನ್ನು ಗೇಣುದ್ದ ಹರಿದು ಅವನ ಕೈಗಿಟ್ಟು, ಆಳವಾಗಿ ಹೂಳಿ ಎಂದಳು. ಗಂಟೆ ಹೊಡೆಯಿತು. ಕೈ ತೊಳೆಯುವುದನ್ನು ಮರೆತು ಕ್ಲಾಸಿನತ್ತ ನಡೆದಳು. ಬಾಗಿಲಲ್ಲಿ, ಬರಿಗಾಲಲ್ಲಿ ಪಾತಿಗಿಳಿದಿದ್ದ ಅವನ ಬೂಟುಗಳು ಒಂದರ ಪಕ್ಕ ಒಂದು, ಹೊರಗೇ ನಿಂತಿದ್ದವು.