ಒಂದು ಗೇಣು ಬಾಕಿಯಿದ್ದ ಶಾಲು

ನೇಕಾರಮ್ಮನ ಕೂಗು ಹಿತ್ತಲಿನವರೆಗೂ ಕೇಳಿಸಿತು. ಬಣ್ಣದ ತೊಟ್ಟಿಗಳ ಸುತ್ತ ನಿಂತಿದ್ದ ಪ್ರವಾಸಿಗಳು ಕಿವಿಯ ಇಯರ್‌ಫೋನ್ ಕಿತ್ತುಕೊಂಡು ಉದ್ದನೆಯ ನಡುಮನೆ ದಾಟಿ ಮಗ್ಗದ ಕೋಣೆಗೆ ಓಡಿದರು. ಎಲ್ಲರಿಗಿಂತ ಹಿಂದೆ ಪುಟ್ಟಿ, ಅವಳಿಗಿಂತ ಹಿಂದೆ ಅವಳ ಅಕ್ಕ.

ಅರ್ಧ ಗಂಟೆಯ ಹಿಂದೆ ಅವರೆಲ್ಲ ಉಸಿರು ಬಿಗಿಹಿಡಿದು ನೋಡಿದ್ದ ಶಾಲು ಅದೇ ಮಗ್ಗದ ಮೇಲಿತ್ತು. ನೇಯ್ದಷ್ಟೂ ಭಾಗ ಹಾಗೇ ಇತ್ತು. ಆದರೆ ನೇಯಲು ಬಾಕಿಯಿದ್ದ ಉದ್ದದ ಎಳೆಗಳು, ಹಾಸು ಅನ್ನುತ್ತಾರಲ್ಲ ಅವು, ಈ ಕಡೆಯಿಂದ ಆ ಕಡೆಯವರೆಗೆ ಕತ್ತರಿಸಿಹೋಗಿ ಬಾಚದ ತಲೆಗೂದಲಿನಂತೆ ಜೋತುಬಿದ್ದಿದ್ದವು. ಎರಡು ವರ್ಷದ ಕೆಲಸ. ಬಾಕಿಯಿದ್ದದ್ದು ಒಂದೇ ಗೇಣು. ನಾಡಿದ್ದು ಅದು ದೊಡ್ಡ ಪ್ರದರ್ಶನಕ್ಕೆ ಹೋಗಬೇಕಿತ್ತು.

"ಯಾರೂ ಮುಟ್ಟಬೇಡಿ," ಅಂದಳು ಅಕ್ಕ.

ಗೈಡ್ ಬಾಗಿಲಲ್ಲೇ ನಿಂತು, "ನಮ್ಮ ಅದೃಷ್ಟ, ಇವರು ಜೊತೆಗಿದ್ದಾರೆ. ಹೋದ ವರ್ಷ ಪೇಪರಲ್ಲಿ ಬಂದಿತ್ತಲ್ಲ, ಭೂತಗನ್ನಡಿ ಅಂತ, ಅವರೇ!" ಅಂದಳು. ಎಲ್ಲರೂ ಅಕ್ಕನ ಕಡೆ ತಿರುಗಿದರು.

ಅಕ್ಕನ ಹೆಸರು ಇಲ್ಲಿಗೂ ಬಂತು ಅಂದುಕೊಂಡಳು ಪುಟ್ಟಿ.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು. ನಿವೃತ್ತಿಯ ನಂತರ ಆ ಕಣ್ಣು ಸುಮ್ಮನಿರಲಿಲ್ಲ. ಬೀದಿಯಲ್ಲಿ ಸರ ಕಳೆದರೆ, ಸಹಿ ಸುಳ್ಳಾದರೆ, ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಬಂದವರಿಗೆ ಕಾಫಿ ಕೊಡುವುದು, ಟಿಪ್ಪಣಿ ಬರೆದುಕೊಳ್ಳುವುದು, ಅಕ್ಕನ ಕನ್ನಡಕ ಹುಡುಕುವುದು ಪುಟ್ಟಿಯ ಪಾಲು. ಐವತ್ತೆಂಟು ತುಂಬಿದರೂ ಅವಳು ಪುಟ್ಟಿಯೇ. ಅವಳೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೇಳು ವರ್ಷ ದುಡಿದವಳೆಂಬುದು ಯಾರಿಗೂ ನೆನಪಿರಲಿಲ್ಲ. ಗುರುತಿಲ್ಲದ ಊರುಗಳಲ್ಲಿ ಒಂದು ದಿನವಾದರೂ ಬರೀ ಇಬ್ಬರು ಹೆಂಗಸರಾಗಿ ಸುತ್ತಾಡೋಣವೆಂದು ಈ ಪ್ರವಾಸಕ್ಕೆ ಇಬ್ಬರ ಹೆಸರೂ ಬರೆಸಿದವಳು ಅವಳೇ.

ವ್ಯಾನಿನಲ್ಲಿ ಇದ್ದವರು ಕಡಿಮೆ: ಅಕ್ಕತಂಗಿಯರು, ಹೊಸದಾಗಿ ಮದುವೆಯಾದ ಗಂಡಹೆಂಡತಿ, ಬಟ್ಟೆ ಅಂಗಡಿಯ ಯಜಮಾನರು, ಡ್ರೈವರ್, ಗೈಡ್. ಗೈಡ್ ಮೂವತ್ತರ ಆಸುಪಾಸಿನ ಹೆಣ್ಣು. ಮಾತು ಕೇಳಿದರೆ ಕೇಳುತ್ತಲೇ ಇರಬೇಕು ಅನ್ನಿಸುವಂಥದ್ದು. ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು ಅವಳು ಮೆಲ್ಲಗೆ ಮಾತಾಡಿದರೆ, ಎಲ್ಲೇ ನಿಂತಿದ್ದರೂ ಎಲ್ಲರ ಕಿವಿಗೂ ಬರುತ್ತಿತ್ತು. ಬೆಳಿಗ್ಗೆ ಹಳೆಯ ಕೋಟೆಬಾಗಿಲು, ಆಮೇಲೆ ಕಾಗದ ಮಾಡುವವರ ಕೇರಿ, ಹನ್ನೊಂದೂವರೆಗೆ ಈ ನೇಯ್ಗೆಯವರ ಮನೆ.

ಒಳಗೆ ಬಂದಾಗ ಗೈಡ್ ಮಾತಾಡುತ್ತಲೇ ತನ್ನ ಚೀಲವನ್ನು ಬಾಗಿಲ ಹಿಂದೆ ಕಣ್ಣಿಗೆ ಕಾಣದ ಮೊಳೆಯೊಂದಕ್ಕೆ ತಡಕದೆ ನೇತುಹಾಕಿದ್ದಳು. "ಆ ಅಭ್ಯಾಸ ಇನ್ನೂ ಹೋಗಿಲ್ವಾ ನಿನಗೆ!" ಎಂದು ನೇಕಾರಮ್ಮ ನಕ್ಕಿದ್ದರು. ಮಗ್ಗದ ಮುಂದೆ ನಿಂತು ಗೈಡ್, "ಇಡೀ ಶಾಲು ಒಂದೇ ಕೈಯ ಕೆಲಸ," ಅಂದಿದ್ದಳು.

"ಇಲ್ಲ ಕಣಮ್ಮ, ಅದು ಹೋದ ವರ್ಷದ ಮಾತು," ಎಂದು ನೇಕಾರಮ್ಮ ತಡೆದಿದ್ದರು. "ನಿನಗೆ ಹೇಳಿರಲಿಲ್ಲ, ಈಚಿನ ಅಂಚೆಲ್ಲ ನನ್ನ ಸೊಸೆಯದು. ಬಂದು ಹತ್ತು ತಿಂಗಳಾಯ್ತಷ್ಟೆ, ಕೈ ನೋಡು ಹೇಗಿದೆ. ಪ್ರದರ್ಶನದಲ್ಲಿ ಅವಳ ಹೆಸರೂ ಹಾಕಿಸ್ತಿದೀನಿ."

"ಅವಳ ಭಾಗ್ಯ," ಎಂದಷ್ಟೇ ಗೈಡ್ ಅಂದಿದ್ದಳು. ನೇಕಾರಮ್ಮ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದಿದ್ದರು. "ಊಟದ ಕಡೆಗೆ ಒಂದು ಫೋನ್ ಮಾಡಿಬರ್ತೀನಿ, ವ್ಯಾನ್ ಹತ್ರಾನೇ ಇರ್ತೀನಿ. ನೀವು ನೋಡ್ತಿರಿ, ನೀಲಿ ಬಣ್ಣದ ಕತೆ ಅಲ್ಲಿಂದಾನೇ ಹೇಳ್ತೀನಿ," ಎಂದು ಗೈಡ್ ಮುಂಬಾಗಿಲಿನತ್ತ ಹೋಗಿದ್ದಳು. ಹತ್ತು ಹದಿನೈದು ನಿಮಿಷ ಅವಳ ದನಿ ಎಲ್ಲರ ಕಿವಿಯಲ್ಲೂ ಇತ್ತು. ಬಚ್ಚಲು ಎಲ್ಲಿ ಎಂದು ಕೇಳಿಕೊಂಡು ಅಂಗಡಿಯವರು ನಡುವೆ ಒಮ್ಮೆ ಒಳಗೆ ಹೋಗಿಬಂದಿದ್ದರು. ಸೊಸೆ ಅಡುಗೆಮನೆಯಲ್ಲಿ ಬಂದವರಿಗೆ ಟೀ ಕಾಯಿಸುತ್ತಿದ್ದಳು. ಬಿಸಿನೀರಿನ ಹಂಡೆ ನೋಡಲು ನೇಕಾರಮ್ಮ ಒಳಗೆ ಬಂದಾಗ ಇದು ಕಂಡದ್ದು.

ನೇಕಾರಮ್ಮ ಈಗ ಗೋಡೆಗೆ ಒರಗಿ ಕೂತಿದ್ದರು. ಸೊಸೆ ನೀರಿನ ಲೋಟ ಹಿಡಿದು ಹತ್ತಿರ ಬಂದಳು.

"ಬೇಡ. ನಿನ್ನ ಕೈನೀರು ಬೇಡ," ಅಂದರು ನೇಕಾರಮ್ಮ. "ಮನೆಯೊಳಗೆ ಇದ್ದವಳು ನೀನೊಬ್ಬಳೇ. ನಿನ್ನೆ ಏನಂದೆ? ಬಾಕಿ ಇರೋ ಸೆರಗೂ ನಾನೇ ನೇಯ್ತೀನಿ ಅತ್ತೆ ಅಂದೆ. ಬೇಡ ಅಂದಿದ್ದಕ್ಕೆ ಮುಖ ಊದಿಸಿಕೊಂಡೆ. ಇಷ್ಟು ಹೊಟ್ಟೆಕಿಚ್ಚೇನೇ ನಿನಗೆ?"

"ಅತ್ತೆ, ಅದರಲ್ಲಿ ನನ್ನ ಅಂಚೂ ಇದೆಯಲ್ಲ..."

"ಬಟ್ಟೆ ಕಟ್ಟಿಕೋ. ಮಗ ಬಂದ ಮೇಲೆ ನಾನೇ ಹೇಳ್ತೀನಿ."

ಅಕ್ಕ ಇದಾವುದೂ ಕೇಳಿಸದವಳಂತೆ ಮಗ್ಗದ ಪಕ್ಕ ಮಂಡಿಯೂರಿದ್ದಳು. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಮರದ ದಿಂಡು, ಅದನ್ನು ಬಿಗಿಯಾಗಿ ಹಿಡಿದಿಡುವ ಕಬ್ಬಿಣದ ಕೊಕ್ಕೆ, ಪಟ್ಟಿಯಲ್ಲಿ ನೇತಾಡುವ ಕತ್ತರಿ, ಒಂದೊಂದನ್ನೂ ಮೂಸುವಷ್ಟು ಹತ್ತಿರದಿಂದ ನೋಡಿದಳು. ಆಮೇಲೆ ತಂಗಿಯನ್ನು ಪಕ್ಕಕ್ಕೆ ಕರೆದಳು.

"ಸೊಸೆ ಅಲ್ಲ ಅನ್ಸುತ್ತೆ ಕಣೇ. ಆದರೆ ಗಟ್ಟಿಯಾಗಿ ಹೇಳೋಕೆ ಕೈಗೆ ಏನೂ ಸಿಕ್ತಿಲ್ಲ. ಹಿತ್ತಲಲ್ಲಿ ನೀನೇನಾದ್ರೂ ಗಮನಿಸಿದೆಯಾ?"

ಪುಟ್ಟಿ ಗಮನಿಸಿದ್ದಳು. ಗೈಡ್ ನೀಲಿ ಬಣ್ಣದ ಕತೆ ಹೇಳುತ್ತಿದ್ದಾಗ ಅವಳ ಮಾತಿನ ಹಿಂದೆ, ತೀರ ಮೆಲ್ಲಗೆ, ಟಕ್ ಟಕ್ ಎಂದು ಗಡಿಯಾರದ ಸದ್ದು ಬರುತ್ತಿತ್ತು. ಸಾವಿರ ದನಿಗಳ ಹಿಂದಿನ ಗೊರಗೊರ ಕೇಳಿ ಪಳಗಿದ ಕಿವಿ ಅದು. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಈಗ ಮಗ್ಗದ ಮೇಲಿನ ಗೋಡೆಯಲ್ಲಿ ಲೋಲಕದ ಗಡಿಯಾರ ಕಂಡಿತು. ಟಕ್ ಟಕ್.

"ಏನೂ ಇಲ್ಲ," ಅಂದಳು ಪುಟ್ಟಿ.

ಅಕ್ಕ ಮತ್ತೆ ಮಗ್ಗದ ಬಳಿ ಹೋಗಿ ತುಟಿ ಕಚ್ಚಿಕೊಂಡು ನಿಂತಳು. ಅಕ್ಕನಿಗೆ ಉತ್ತರ ಗೊತ್ತಿಲ್ಲದಿರುವುದನ್ನು ಪುಟ್ಟಿ ನೋಡಿದ್ದು ಅದೇ ಮೊದಲು. ನೋಡಿ ಹಿತವೆನಿಸಿತು, ಬಿಸಿಲಲ್ಲಿ ನಡೆದು ಬಂದವರಿಗೆ ತಣ್ಣೀರು ಸಿಕ್ಕಷ್ಟು ಹಿತ. ಇದೊಂದು ಸಲ ತಾನೇ ಬಿಡಿಸಬೇಕು, ಎಲ್ಲರೂ ತನ್ನ ಕಡೆ ತಿರುಗಬೇಕು.

ಅವಳು ಹಿತ್ತಲಿಗೆ ಹೋಗಿ ಕಿವಿಗೊಟ್ಟಳು. ಗಡಿಯಾರ ಕೇಳಿಸಲಿಲ್ಲ. ಗೇಟಿನ ಹತ್ತಿರ ವ್ಯಾನಿನ ಪಕ್ಕ ನಿಂತಳು. ಅಲ್ಲೂ ಇಲ್ಲ. ಡ್ರೈವರ್ ಕ್ಯಾನುಗಳಿಗೆ ಮುಚ್ಚಳ ಬಿಗಿಯುತ್ತಿದ್ದ.

"ಗೈಡ್ ಇಲ್ಲೇ ಇದ್ರಾ ಆಗ?"

"ಗೊತ್ತಿಲ್ಲಮ್ಮ. ನನ್ನನ್ನ ಅವರೇ ಬೀದಿ ಆ ತುದಿ ನಲ್ಲಿಗೆ ನೀರು ತರೋಕೆ ಕಳಿಸಿದ್ರು. ಇದ್ದ ಎರಡು ಕ್ಯಾನೂ ತುಂಬಿದ್ವು, ಆದ್ರೂ ಬದಲಾಯಿಸ್ಕೊಂಡು ಬಾ ಅಂದ್ರು."

ಎಲ್ಲ ಕೂಡಿಬಂತು. ಆದರೆ ಹೇಗೆ ಶುರುಮಾಡುವುದು, ಯಾರನ್ನು ಮೊದಲು ಕೂರಿಸುವುದು, ಗೈಡ್ ಇಲ್ಲವೆಂದರೆ ಏನೆನ್ನುವುದು? ಪುಟ್ಟಿ ಜಗಲಿಯ ಮೇಲೆ ಕೂತು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು. ಜೋಡಿಸಿದ್ದನ್ನು ಕಿತ್ತು ಮತ್ತೆ ಜೋಡಿಸಿದಳು. ಹಾಗೇ ಅರ್ಧ ಗಂಟೆ ಕಳೆಯಿತು.

ಅಷ್ಟರಲ್ಲಿ ಸೊಸೆ ಹೊರಗೆ ಬಂದಳು. ಕೈಯಲ್ಲಿ ಜಿಪ್ಪು ಕೂರದ ಒಂದು ಚೀಲ. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಮೆಟ್ಟಿಲಲ್ಲಿ ನಿಂತು, "ಬಸ್ ಸ್ಟಾಪ್ ಯಾವ ಕಡೆ ಅಂತ ನಂಗೆ ಸರಿಯಾಗಿ ಗೊತ್ತಿಲ್ಲ. ನಮ್ಮನೆಯವರು ಇಲ್ದೆ ಒಬ್ಬಳೇ ಎಲ್ಲೂ ಹೋಗಿಲ್ಲ," ಅಂದಳು, ಪುಟ್ಟಿಗೋ ತನಗೋ ತಿಳಿಯದಂತೆ.

ಪುಟ್ಟಿ ಎದ್ದಳು. ಸೀದಾ ಒಳಗೆ ಹೋಗಿ ಅಕ್ಕನ ತೋಳು ಹಿಡಿದು ಗಡಿಯಾರದ ಸದ್ದನ್ನೂ ನೀರಿನ ಕ್ಯಾನನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಕ್ಕ ಅವಳ ಮುಖವನ್ನೇ ನೋಡಿದಳು. "ಯಾವಾಗ ಹೊಳೀತು?"

"ಈಗ," ಅಂದಳು ಪುಟ್ಟಿ. ಅದು ಅವಳ ಎರಡನೆಯ ಸುಳ್ಳು.

ಐದು ನಿಮಿಷದಲ್ಲಿ ಎಲ್ಲರೂ ಮಗ್ಗದ ಕೋಣೆಯಲ್ಲಿ ಸೇರಿದರು. ಸೊಸೆಯನ್ನೂ ಚೀಲದ ಸಮೇತ ಕರೆಸಿ ಕೂರಿಸಲಾಯಿತು.

"ಈ ಕೆಲಸ ಮಾಡಿದವರಿಗೆ ಶಾಲು ಹಾಳಾಗಬೇಕು ಅಂತ ಇರಲಿಲ್ಲ," ಎಂದು ಅಕ್ಕ ಆರಂಭಿಸಿದಳು. "ಹಾಳು ಮಾಡೋ ಮನಸ್ಸಿದ್ರೆ ನೇಯ್ದ ಬಟ್ಟೆಗೇ ಕತ್ತರಿ ಹಾಕಬಹುದಿತ್ತು. ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಇನ್ನೊಂದು ವಿಷಯ, ಬಿಗಿಯಾಗಿರೋ ಎಳೆಗಳನ್ನ ಹಾಗೇ ಕತ್ತರಿಸಿದ್ರೆ ಅವು ಸಿಡಿದು ಬಟ್ಟೆ ಎಲ್ಲಾ ಸುಕ್ಕಾಗುತ್ತೆ. ಹಾಗಾಗಬಾರದು ಅಂತ ಮೊದಲು ದಿಂಡಿನ ಕೊಕ್ಕೆ ಎತ್ತಿ ಸಡಿಲ ಮಾಡಿದಾರೆ. ನೋಡಿ, ಕೊಕ್ಕೆ ಇನ್ನೂ ಎತ್ತಿದ ಹಾಗೇ ಇದೆ. ಶಾಲಿನ ಮೇಲೆ ಪ್ರೀತಿ ಇರೋ ಕೈ, ಮಗ್ಗ ಬಲ್ಲ ಕೈ."

"ನಾನು ಬಟ್ಟೆ ಮಾರೋನು, ನೇಯೋನಲ್ಲ," ಎಂದು ಅಂಗಡಿಯವರು ಅವಸರದಿಂದ ಹೇಳಿದರು.

"ಹೌದು. ಆ ಕೊಕ್ಕೆ ಎಲ್ಲಿದೆ ಅಂತ ಕೇಳಿದಾಗ ನೀವು ಗಡಿಯಾರದ ಲೋಲಕ ತೋರಿಸಿದ್ರಿ." ಹೊಸ ಹೆಂಡತಿ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. "ಈ ಗಂಡಹೆಂಡತಿ ಇಬ್ಬರೂ ಹಿತ್ತಲು ಬಿಟ್ಟು ಕದಲಿಲ್ಲ, ಅಷ್ಟು ಹೊತ್ತೂ ನನ್ನ ಕಣ್ಣೆದುರೇ ಫೋಟೋ ತೆಗೀತಿದ್ರು. ಡ್ರೈವರ್ ನೀರಿಗೆ ಹೋಗಿದ್ರು. ಮಗ್ಗ ಬಲ್ಲವರು ಅಂದ್ರೆ ನೇಕಾರಮ್ಮ, ಸೊಸೆ, ಆಮೇಲೆ ಈ ಮನೇಲಿ ಹಿಂದೆ ಇದ್ದವರು ಯಾರಾದ್ರೂ. ಬಾಗಿಲ ಹಿಂದಿನ ಮೊಳೆ ನೋಡದೆ ಚೀಲ ನೇತುಹಾಕೋಷ್ಟು ದಿನ ಇದ್ದವರು."

ಎಲ್ಲರೂ ಗೈಡಿನ ಕಡೆ ನೋಡಿದರು.

"ನಾನಾ?" ಅವಳು ನಕ್ಕಳು. "ನಾನು ಗೇಟ್ ಹತ್ರ ಇದ್ದೆ. ಅಷ್ಟು ಹೊತ್ತೂ ನಿಮ್ಮ ಕಿವೀಲೇ ಮಾತಾಡ್ತಿದ್ನಲ್ಲ!"

"ಎಲ್ಲರೂ ಕೇಳಿದ್ರು. ಯಾರೂ ನೋಡಲಿಲ್ಲ," ಅಂದಳು ಅಕ್ಕ. "ಆ ಮೈಕು ಸ್ವಲ್ಪ ಡ್ರೈವರ್ ಕೈಗೆ ಕೊಡಿ."

ಡ್ರೈವರ್ ಮೈಕು ತೆಗೆದುಕೊಂಡು ಗೇಟಿಗೆ ಹೋದ. ಉಳಿದವರು ಇಯರ್‌ಫೋನ್ ಸಿಕ್ಕಿಸಿಕೊಂಡು ಹಿತ್ತಲಿನಲ್ಲಿ ನಿಂತರು. "ಒಂದು, ಎರಡು, ಮೂರು, ಊಟಕ್ಕೆ ಲೇಟಾಯ್ತು," ಎಂಬ ಅವನ ದನಿ ಬಂತು. ಹಿಂದೆ ರಸ್ತೆಯ ಸದ್ದು ಮಾತ್ರ. ಆಮೇಲೆ ಅವನು ಒಳಗೆ ಬಂದು, ಹೇಳಿದಂತೆ, ಮಗ್ಗದ ಮೇಲೆ ಬಾಗಿ ಮಾತಾಡಿದ. ಅವನ ಮಾತಿನ ಸಂದಿಯಲ್ಲಿ ಟಕ್, ಟಕ್, ಟಕ್.

"ಅಯ್ಯೋ, ಇದನ್ನ ಆಗಲೂ ಕೇಳಿದ್ದೆ!" ಅಂದಳು ಹೊಸ ಹೆಂಡತಿ. "ನೀಲಿ ಬಣ್ಣ ಎಷ್ಟು ದಿನ ಹುದುಗಬೇಕು ಅಂತ ಹೇಳ್ತಿದ್ರಲ್ಲ, ಆಗ."

ಎಲ್ಲರೂ ಮಗ್ಗದ ಕೋಣೆಗೆ ಮರಳಿದರು. ಗೈಡ್ ಆಗಲೇ ನೆಲದ ಮೇಲೆ ಕೂತಿದ್ದಳು.

"ಆರು ವರ್ಷ ಅಮ್ಮಾ," ಅಂದಳು ನೇಕಾರಮ್ಮನಿಗೆ. ಆ ಸೊಗಸಾದ ದನಿ ಒಡೆದುಹೋಗಿತ್ತು. "ಆರು ವರ್ಷ ಇಲ್ಲಿ ನೂಲು ಸುತ್ತಿದೆ, ಬಣ್ಣ ಹಿಂಡಿದೆ. ಒಂದೇ ಒಂದು ಹೂವು ನೇಯ್ತೀನಿ ಅಂತ ಕಾಲು ಹಿಡಿದೆ. ನಿನ್ನ ಕೈಗಿಂತ ನಾಲಿಗೆ ಚೆನ್ನಾಗಿದೆ, ಹೋಗಿ ಅದರಲ್ಲಿ ಬದುಕು ಅಂದ್ರಿ. ಬದುಕ್ತಿದೀನಿ. ದಿನಾ ಒಂದು ವ್ಯಾನ್ ಜನರನ್ನ ಕರ್ಕೊಂಡು ಬಂದು ನಿಮ್ಮ ಕೈ ಹೊಗಳ್ತೀನಿ. ಅದು ಸಹಿಸಿದೆ. ಇವಳಿಗೆ ಹತ್ತೇ ತಿಂಗಳಿಗೆ ಅಂಚು, ಹೆಸರು... ಅದನ್ನೂ ನಾನೇ ದಿನಾ ಹೊಗಳಬೇಕು! ಪ್ರದರ್ಶನ ಒಂದು ತಪ್ಪಿಹೋಗಲಿ ಅನ್ನಿಸ್ತು. ಅಷ್ಟೇ. ಶಾಲಿನ ಮೇಲೆ ನಂಗೆ ದ್ವೇಷ ಇಲ್ಲ."

"ನನ್ನ ಮೇಲೆ?" ಅಂದಳು ಸೊಸೆ. "ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದ್ರು. ನೀವು ನೋಡ್ತಾ ನಿಂತಿದ್ರಿ."

ಪುಟ್ಟಿ ತಲೆ ತಗ್ಗಿಸಿದಳು.

ನೇಕಾರಮ್ಮ ಸೊಸೆಯ ಚೀಲವನ್ನು ತಾವೇ ಎತ್ತಿ ಒಳಗಿಟ್ಟು ಬಂದರು. "ತಪ್ಪಾಯ್ತು ಮಗಳೇ," ಅಂದರು ಎಲ್ಲರೆದುರು. ಸೊಸೆ ತಟ್ಟನೆ ಕರಗಲಿಲ್ಲ. "ನೀವು ಒಂದು ಮಾತೂ ಕೇಳದೆ ನಂಬಿಬಿಟ್ರಿ ಅತ್ತೆ," ಎಂದಷ್ಟೇ ಹೇಳಿದಳು. ಪೊಲೀಸರಿಗೆ ತಿಳಿಸೋಣವೇ ಎಂದು ಅಂಗಡಿಯವರು ಕೇಳಿದಾಗ ಮಾತ್ರ ಅವಳು ದನಿ ಎತ್ತಿದಳು. "ಪೊಲೀಸರು ಬಂದು ಎಳೆ ಜೋಡಿಸ್ತಾರಾ? ಎರಡು ಸಾವಿರದ ನಾನೂರು ಎಳೆ ಇದೆ. ಒಂದೊಂದಕ್ಕೂ ಗಂಟು ಬೀಳಬೇಕು. ಇವರೇ ಬಂದು ಕೂರಲಿ, ದಿನಾ, ನನ್ನ ಪಕ್ಕದಲ್ಲಿ, ಮುಗಿಯೋ ತನಕ."

ವಾಪಸು ಬರುವಾಗ ವ್ಯಾನು ಕೋಟೆಬಾಗಿಲು ದಾಟಿದ ಮೇಲೆ ಪುಟ್ಟಿ, "ಅಕ್ಕಾ, ನನಗೆ ಆಗ ಹೊಳೆದದ್ದಲ್ಲ. ನೀನು ಕೇಳಿದಾಗಲೇ ಗೊತ್ತಿತ್ತು. ನಿನಗೆ ಗೊತ್ತಾಗದಿರಲಿ ಅಂತ ಸುಮ್ಮನಿದ್ದೆ," ಅಂದಳು.

ಅಕ್ಕ ಕಿಟಕಿಯ ಹೊರಗೇ ನೋಡುತ್ತಿದ್ದಳು.

"ನನ್ನ ಮೇಲಿನ ಸಿಟ್ಟಿಗೆ ನನ್ನನ್ನ ಎಷ್ಟು ಬೇಕಾದ್ರೂ ಕಾಯಿಸು. ಆ ಹುಡುಗಿ ಅರ್ಧ ಗಂಟೆ ಅತ್ತಳಲ್ಲೇ."

ಮರುವಾರ ಪುಟ್ಟಿ ಒಬ್ಬಳೇ ಎರಡು ಬಸ್ಸು ಬದಲಿಸಿ ಆ ಮನೆಗೆ ಹೋದಳು. ಮಗ್ಗದ ಹಿಂದೆ ಗೈಡ್ ಬಗ್ಗಿ ಗಂಟು ಹಾಕುತ್ತಿದ್ದಳು. ಎದುರಿಗೆ ಸೊಸೆ ಎಳೆ ಆರಿಸಿ ಕೊಡುತ್ತಿದ್ದಳು. ಪುಟ್ಟಿ ನಿಂತಲ್ಲೇ ನಿಂತು, ತಾನು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದನ್ನು, ಯಾಕೆಂಬುದನ್ನೂ, ಮುಚ್ಚುಮರೆಯಿಲ್ಲದೆ ಹೇಳಿದಳು. ಗೈಡ್ ತಲೆಯೆತ್ತಿ ಅವಳನ್ನು ನೋಡಿದಳು. ಸೊಸೆ ಕೈಯಲ್ಲಿದ್ದ ಎಳೆಯನ್ನು ಗೈಡಿಗೆ ಕೊಟ್ಟಳು. ಆಮೇಲೆ ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ. ಇನ್ನೂ ಒಂಬೈನೂರು ಎಳೆ ಇದೆ."