ಆಮೆಯೂರಿನ ಬೇಸ್ ಗಿಟಾರ್

“ಸಾರಿಗೆ ಉಪ್ಪು ಹಾಕಿಲ್ರಿ. ಹಾಕ್ಕೊಂಡು ಉಣ್ರಿ.”

ಇಷ್ಟು ಹೇಳಿ ಸಾತವ್ವ ಕೆಮ್ಮುತ್ತಾ ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ. ಗಂಡ ಬರಮಪ್ಪ ಆ ದಿನ ಉಣ್ಣಲಿಲ್ಲ.

ಇದು ಬಹಳ ಹಿಂದಿನ ಮಾತು. ಆಗ ಸಮುದ್ರದ ದಂಡೆಯಲ್ಲಿ ಒಂದು ದೊಡ್ಡ ಆಮೆ ಮಲಗಿತ್ತು. ಅದರ ಬೆನ್ನ ಮೇಲೆ ಒಂದು ರಾಜ್ಯ ಇತ್ತು. ಹೆಸರು ಆಮೆಯೂರು. ಅರಮನೆಯಲ್ಲಿ ನಾಲ್ಕು ತಂತಿಯ ಒಂದು ಬೇಸ್ ಗಿಟಾರ್ ಇತ್ತು. ದಿನಾ ಸಂಜೆ ರಾಣಿ ಹೊನ್ನಾದೇವಿ ಅದರ ದಪ್ಪ ತಂತಿ ಮೀಟುವಳು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬರುತ್ತಿತ್ತು. ಆಮೆಗೆ ಅದೇ ಜೋಗುಳ. ಆಮೆ ಎದ್ದರೆ ನೀರಿಗೆ ಇಳಿಯುತ್ತದೆ. ಇಳಿದರೆ ಊರು ಮುಳುಗುತ್ತದೆ.

ಗಿಟಾರಿನ ಕುತ್ತಿಗೆ ನೋಡಿಕೊಳ್ಳುವವಳು ಸಾತವ್ವ. ಬರಮಪ್ಪ ಬರೀ ಗಿಟಾರ್ ಹಿಡಿದು ಕೂರುವವನು. ಆದರೆ ನೋಡಿದ್ದ. ಮೂವತ್ತು ವರ್ಷ ನೋಡಿದ್ದ. ಅವಳ ಕೈ ನೋಡುವುದೇ ಒಂದು ಹಬ್ಬ. ಕುತ್ತಿಗೆಗೆ ಅಡ್ಡಲಾಗಿ ಸಣ್ಣ ಲೋಹದ ಮೆಟ್ಟಿಲುಗಳು. ದಪ್ಪ ತಂತಿಯನ್ನು ಮೊದಲ ಮೆಟ್ಟಿಲ ಮೇಲೆ ಒಂದು ಬೆರಳಿಂದ, ಕೊನೆಯ ಮೆಟ್ಟಿಲ ಮೇಲೆ ಒಂದು ಬೆರಳಿಂದ ಒತ್ತುವಳು. ನಡುವೆ, ತಂತಿಯ ಕೆಳಗೆ, ಒಣಗಿದ ಅರಳಿ ಎಲೆ ತೂರಿಸುವಳು. ಎಲೆ ಮುಟ್ಟಿಯೂ ಮುಟ್ಟದ ಹಾಗೆ ಹೋಗಬೇಕು. ಕುತ್ತಿಗೆಗೆ ಅಷ್ಟು ಬಾಗು ಬೇಕು. ಪೂರಾ ನೆಟ್ಟಗಾದರೆ ತಂತಿಗೆ ಆಡಲು ಜಾಗವಿಲ್ಲ. ಮೆಟ್ಟಿಲಿಗೆ ಬಡಿದು ಗರಗರ ಅನ್ನುತ್ತದೆ.

ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳು. ಬಿಗಿದರೆ ಕುತ್ತಿಗೆ ನೆಟ್ಟಗಾಗುತ್ತದೆ, ಸಡಿಲಿಸಿದರೆ ಬಾಗುತ್ತದೆ. ಅದರ ತಿರುಪನ್ನು ಡೊಂಕು ಚಾವಿಯಿಂದ ಕಾಲು ಸುತ್ತು ತಿರುಗಿಸುವಳು. ಕಾಲು ಸುತ್ತೇ. ಆಮೇಲೆ ಒಂದು ದಿನ ಮುಟ್ಟುವುದಿಲ್ಲ. ಒಮ್ಮೆಗೇ ಪೂರಾ ತಿರುವಿದರೆ ಕುತ್ತಿಗೆ ಕೆಡುತ್ತದೆ. ತಂತಿ ಎಳೆಯಬೇಕು, ಮರ ತಾನಾಗಿ ಬಾಗಬೇಕು.

ಸಾತವ್ವ ಹೋದ ಸುದ್ದಿ ನೆಟ್ಟಗಯ್ಯ ಎಂಬ ಮಾಂತ್ರಿಕನಿಗೆ ಮುಟ್ಟಿತು. ಅವನಿಗೆ ಬಾಗಿದ್ದು ಕಂಡರೆ ಆಗದು. ಅವನು ಊದಿದರೆ ಕುಡುಗೋಲು ಕೋಲಾಗುತ್ತಿತ್ತು. ನಾಯಿ ಬಾಲವೂ ನೆಟ್ಟಗಾಗುತ್ತಿತ್ತು. ಆಮೆಯ ಡುಬ್ಬ ಬೆನ್ನು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅದು ನೀರಿಗೆ ಹೋದರೆ ಸಾಕಿತ್ತು. ಬಂದು ಗಿಟಾರಿನ ಮೇಲೆ ಊದಿದ. ಸರಳು ಬಿಗಿಯಿತು. ಕುತ್ತಿಗೆ ನೆಟ್ಟಗಾಯಿತು.

ಸಂಜೆ ರಾಣಿ ಮೀಟಿದಳು. ಗರಗರ. ಆಮೆ ಒಂದು ಕಣ್ಣು ತೆರೆಯಿತು.

ರಾಣಿ ಬರಮಪ್ಪನನ್ನು ಕರೆಸಿದಳು.

“ನಿನಗ ಬರ್ತದೇನು?”

“ಮಾಡಿಲ್ಲ ತಾಯಿ. ನೋಡೀನಿ.”

ಮಂತ್ರಿ ನಕ್ಕ. “ಮದುವಿ ನೋಡಿದವರೆಲ್ಲ ಮದುಮಗ ಆಗ್ತಾರೇನೋ?”

“ಸುಮ್ಮನಿರ್ರಿ,” ಅಂದಳು ರಾಣಿ. “ಮೂರು ದಿನದಾಗ ಆಮೆ ಏಳ್ತದ. ಕೂಡು ಬರಮಪ್ಪ.”

ಮೊದಲ ದಿನ ಬರಮಪ್ಪ ತಿರುಪನ್ನು ಕಾಲು ಸುತ್ತು ಸಡಿಲಿಸಿದ. ಕೈ ಬಿಟ್ಟ. ಕೂತ. ಮಧ್ಯಾಹ್ನ ಮಾಂತ್ರಿಕನ ಗಿಳಿ ಬಂತು. ಅದರ ಕೊಕ್ಕು ಮೊಳೆಯ ಹಾಗೆ ನೆಟ್ಟಗಿತ್ತು.

“ಏ ಮುದುಕಾ, ಪೂರಾ ತಿರುವೋ! ಆಮೆ ಮಿಸುಕತದ, ಗ್ವಾಡಿ ಬೀಳಾಕ ಹತ್ಯಾವ!”

“ಬಿದ್ರ ಕಟ್ಟೋಣಂತ,” ಅಂದ ಬರಮಪ್ಪ.

ಅವತ್ತು ಎಲೆ ಹೋಗಲಿಲ್ಲ.

ಎರಡನೆಯ ದಿನ ಕಾಲು ಸುತ್ತು. ಕೈ ಬಿಟ್ಟ. ಕೂತ. ಮಾಂತ್ರಿಕನ ಹಾವು ಬಂತು. ಕೋಲಿನ ಹಾಗೆ ಉರುಳಿಕೊಂಡು ಬಂತು.

“ತಿರುವತೀಯೋ, ಕಚ್ಚಲ್ಯೋ?”

“ಹೆಡಿ ಎತ್ತಾಕ ಬೆನ್ನು ಬಾಗಬೇಕಲ್ಲೋ ತಮ್ಮಾ. ಅಲ್ಲೇ ಮಲಕ್ಕೋ.”

ಅವತ್ತು ಎಲೆಯ ತುದಿ ಹೋಯಿತು.

ಮೂರನೆಯ ದಿನ ಕಾಲು ಸುತ್ತು. ಕೈ ಬಿಟ್ಟ. ಕೂತ. ಆಮೆ ಮುಂಗಾಲೂರಿ ಏಳತೊಡಗಿತು. ಊರು ವಾಲಿತು. ಕೊಡಗಳು ಉರುಳಿದವು. ಜನ ಕಂಬ ತಬ್ಬಿ ಕೂಗಿದರು. ಆಗ ಬಾಗಿಲ ಹಿಂದಿನಿಂದ ಒಂದು ದನಿ ಬಂತು.

“ಏನ್ರೀ. ಇನ್ನೊಂದು ಸುತ್ತು ತಿರುವ್ರಿ. ಲಗೂ ಮಾಡ್ರಿ.”

ಸಾತವ್ವನದೇ ದನಿ. ನಡುವೆ ಅದೇ ಕೆಮ್ಮು.

ಬರಮಪ್ಪ ಚಾವಿ ಹಿಡಿದ. ತಿರುವಿದರೆ ಇನ್ನೊಂದು ಮಾತಾಡುತ್ತಾಳೇನೋ ಅನಿಸಿತು. ಬಹಳ ಹೊತ್ತು ಹಾಗೇ ಹಿಡಿದಿದ್ದ. ಆಮೇಲೆ ಚಾವಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

“ಮೂವತ್ತು ವರ್ಷದಾಗ ಆಕಿ ಲಗೂ ಮಾಡ್ರಿ ಅಂದಾಕಿ ಅಲ್ಲ,” ಅಂದ. “ನೀ ಯಾರೋ?”

ಬಾಗಿಲ ಹಿಂದಿನಿಂದ ನೆಟ್ಟಗಯ್ಯ ಹೊರಗೆ ಬಂದ. ಊದಲು ಬಾಯಿ ತೆರೆದ. ಆಗಲೇ ಸಂಜೆಯಾಗಿತ್ತು. ಅವನು ಊದುವ ಮೊದಲೇ ಬರಮಪ್ಪ ಎಲೆ ತೂರಿಸಿದ. ಮುಟ್ಟಿಯೂ ಮುಟ್ಟದ ಹಾಗೆ ಹೋಯಿತು.

ಗಿಟಾರನ್ನು ರಾಣಿಯ ಕೈಗೆ ಕೊಟ್ಟ. “ಮೀಟ್ರಿ ತಾಯಿ.”

ರಾಣಿ ಮೀಟಿದಳು. ದುಂಡಗಿನ ಸದ್ದು ಹೊರಟಿತು. ನೆಲದಲ್ಲಿ ಇಳಿಯಿತು. ಎಲ್ಲರ ಎದೆಯಲ್ಲಿ ನಿಂತಿತು. ಆಮೆ ಕಾಲು ಮಡಚಿ ಮಲಗಿತು.

ಆ ಸದ್ದಿಗೆ ನೆಟ್ಟಗಯ್ಯನ ಬೆನ್ನು ಬಾಗಿತು. ಹುಟ್ಟಿದಾಗಿನಿಂದ ಅವನು ತನ್ನ ಪಾದ ಕಂಡಿರಲಿಲ್ಲ. ಕಂಡು ಅತ್ತ. ಮಂತ್ರವೆಲ್ಲ ಮರೆತು ಒಬ್ಬ ಮುದುಕನಾಗಿ ನೀರು ಕೇಳಿದ. ಕೊಟ್ಟರು. ಹಾವು ಸುತ್ತಿಕೊಂಡಿತು. ಗಿಳಿ ಬಾಗಿದ ಕೊಕ್ಕಿನಿಂದ ಮೆಣಸಿನಕಾಯಿ ಕಡಿಯಿತು. ನಾಯಿ ಬಾಲ ಮತ್ತೆ ಡೊಂಕಾಯಿತು. ಜನ ಗೋಡೆ ಕಟ್ಟಿಕೊಂಡು ಸುಖವಾಗಿದ್ದರು.

“ದೊಡ್ಡ ಕೆಲಸ ಮಾಡಿದಿ,” ಅಂದಳು ರಾಣಿ.

“ನಂದಲ್ಲ ತಾಯಿ. ಆಕಿದು,” ಅಂದ ಬರಮಪ್ಪ.

ಮರುದಿನ ಬೆಳಿಗ್ಗೆ ಬರಮಪ್ಪ ಸಾತವ್ವನ ಗಿಟಾರ್ ದುರಸ್ತಿ ಅಂಗಡಿಯ ಬಾಗಿಲು ತೆಗೆದ. ಒಬ್ಬ ಹೆಂಗಸು ತನ್ನ ಗಿಟಾರ್ ತಂದಳು.

“ಕಾಕಾ, ಇವತ್ತೇ ಆಗ್ತದೇನು?”

“ಆಗಂಗಿಲ್ಲವ್ವ. ಇಟ್ಟು ಹೋಗು.”

ಅವಳು ಹೋದ ಮೇಲೆ ಗಿಟಾರನ್ನು ಬೆಳಕಿಗೆ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದ. ನಿಧಾನವಾಗಿ ನೋಡಿದ.